ಬೂದು ಬಟನ್ನಿನ ಮೇಲೆ ಅರಿಶಿಣದ ಬೆರಳು

ಹೊಳೆಯ ಈ ದಡದಲ್ಲಿ ಒಂದು ಆಶ್ರಮವಿತ್ತು. ಆ ದಡದಲ್ಲಿ ಉಳಿದ ಪ್ರಪಂಚವಿತ್ತು.

ಹೊಳೆ ಅಂದರೆ ಸಣ್ಣಪುಟ್ಟ ಹೊಳೆಯಲ್ಲ. ಕೆಳಗೆಲ್ಲೋ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಹರಡಿ ಹರಡಿ ಎಷ್ಟು ಅಗಲವಾಗಿತ್ತೆಂದರೆ, ಈ ದಡದಿಂದ ಹಾರಿದ ಕೊಕ್ಕರೆ ಆ ದಡ ಮುಟ್ಟುವಷ್ಟರಲ್ಲಿ ಮೊಮ್ಮಕ್ಕಳನ್ನು ಕಂಡಿರುತ್ತಿತ್ತು.

ಆಶ್ರಮಕ್ಕೆ ಬರುವವರಿಗೆ ಇದ್ದದ್ದು ಒಂದೇ ದೋಣಿ. ಅದಕ್ಕೊಬ್ಬ ಅಂಬಿಗ, ಹುಲಗಪ್ಪ. ಮತ್ತೊಂದು ಪದ್ಧತಿ.

ಬಂದವರು ಆ ದಡದ ಕಲ್ಲುಮಂಟಪದಲ್ಲಿ ನಿಂತು ಹೆಸರು ಕೂಗಬೇಕು. ತಮ್ಮ ಹೆಸರಲ್ಲ, ತಾವು ಕಾಣಬೇಕಾದವರ ಹೆಸರು. ಈ ದಡದಲ್ಲಿ ಆ ಹೆಸರಿನವರು ಕೈಲಿದ್ದ ಕೆಲಸ ಬಿಟ್ಟೆದ್ದು, ದೋಣಿ ಹತ್ತಿ, ತಾವೇ ಹೋಗಿ ಕರೆತರಬೇಕು. ಗುರುವಾದರೂ ಅಷ್ಟೆ, ಅಡುಗೆಯವನಾದರೂ ಅಷ್ಟೆ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಕಡ್ಡಿಯಂಥ ಮೈ. ಬಾಯಿ ಮಾತ್ರ ಆನೆಯಷ್ಟು.

"ನಾ ಹುಡುಗ ಇದ್ದಾಗ ಈ ದಂಡೀಲೆ ನಿಂತು ಒಮ್ಮೆ ಕೂಗಿದ್ರ, ಆ ದಂಡಿ ಮಂದಿಯ ರುಮಾಲ ಹಾರಿ ಹೋಗ್ತಿದ್ವು" ಎನ್ನುತ್ತಿದ್ದರು. "ಮೀನಂತೂ ಮೂರು ದಿವಸ ಊಟಾ ಮಾಡ್ತಿರಲಿಲ್ಲ."

ಶಿಷ್ಯರಿಗೆ ಹೊಸ ಹೆಸರಿಡುವವರೂ ಅವರೇ. ಯಾರಲ್ಲಿ ಏನಿಲ್ಲವೋ ಅದನ್ನೇ ಹುಡುಕಿ ಇಡುತ್ತಿದ್ದರು. ನಿದ್ದೆಯಲ್ಲೇ ಜಪ ಮುಗಿಸುವವನು ಜಾಗೃತಪ್ಪ. ಬಾಯಿ ಮುಚ್ಚಿದರೆ ಪ್ರಾಣವೇ ಹೋದೀತೆಂದು ಹೆದರಿದ್ದವನು ಮೌನಪ್ಪ. ಉಗುರು ಕಚ್ಚುತ್ತ ಕಚ್ಚುತ್ತ ಮೊಳಕೈ ತನಕ ಬಂದಿದ್ದವನು ನಿಶ್ಚಿಂತ.

ಹೆಸರಿಡುವ ದಿನ ಉಳಿದವರ ಮನೆಯವರೆಲ್ಲ ಬಂದು, ಪಾಯಸ ಉಂಡು, ಹೊಸ ಹೆಸರನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದರು.

ನಿಶ್ಚಿಂತನ ಕಡೆಯಿಂದ ಯಾರೂ ಬಂದಿರಲಿಲ್ಲ.

ಹಳೆಯ ಹೆಸರನ್ನು ಆಶ್ರಮದಲ್ಲಿ ಯಾರೂ ಯಾರಿಗೂ ಕೇಳುವಂತಿರಲಿಲ್ಲ. ಆದ್ದರಿಂದ ಅವನ ಹೆಸರು ಪುಂಡಲೀಕ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಮತ್ತೆ ಅವನ ಅಕ್ಕನಿಗೆ.

ಅಕ್ಕ ರುಕ್ಮವ್ವ ಪೇಟೆಯಲ್ಲಿ ಖಾನಾವಳಿ ಇಟ್ಟಿದ್ದಳು. ರೊಟ್ಟಿ ಬಡಿದೇ ತಮ್ಮನನ್ನು ಸಾಕಿದವಳು. ಅವಳು ಬಡಿದ ರೊಟ್ಟಿ ಎಷ್ಟು ತೆಳುವೆಂದರೆ ಅದರಾಚೆ ಕೂತವರ ಮೀಸೆ ಎಣಿಸಬಹುದಿತ್ತು. ತಮ್ಮನು ಖಾನಾವಳಿಯ ಪಕ್ಕದಲ್ಲೇ ಮೊಬೈಲ್ ರಿಪೇರಿ ಅಂಗಡಿ ಹಾಕಿ, ಒಡೆದ ಫೋನು ಕೂಡಿಸುತ್ತ ಕೂಡಿಸುತ್ತ ಫೋನಿನೊಳಗಿನ ಆ್ಯಪ್ ಬರೆಯುವುದನ್ನೂ ಕಲಿತ.

ಆಶ್ರಮಕ್ಕೆ ಹೊರಟ ದಿನ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನನ್ನೊಬ್ಬಾಕಿನ್ನ ಬಿಟ್ಟು ಹೋಗ್ತಿ?"

"ಹೊಳಿ ದಾಟಿದ್ರ ಆಶ್ರಮ. ದೂರೇನೈತಿ? ಬಂದು ನನ್ನ ಹೆಸರು ಹಿಡಿದು ಕೂಗು. ನಾನ ಬಂದು ಕರಕೊಂಡು ಹೋಗ್ತೀನಿ."

"ನನಗೇನು ಗರಜು ಬಿದ್ದೈತಿ?" ಎಂದಳು ಅಕ್ಕ. ಅಂದವಳು ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿ, ಅವನ ಎದೆಗೆ ಒತ್ತಿ, ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಆಮೇಲೆ ಒಮ್ಮೆ ಅವನು ಅಜ್ಜಾರ ಅಪ್ಪಣೆ ಪಡೆದು ಪೇಟೆಗೆ ಹೋದ. ಖಾನಾವಳಿಗೆ ಬೀಗ ಬಿದ್ದಿತ್ತು. ಮದುವೆ ಅಡುಗೆಯವರ ತಂಡ ಸೇರಿದ್ದಾಳೆ, ಇವತ್ತು ಈ ಊರು ನಾಳೆ ಆ ಊರು, ಫೋನ್ ನಂಬರೂ ಬದಲಾಗಿದೆ ಎಂದರು ನೆರೆಯವರು.

ಹಾಗಾಗಿ ಹುಡುಕುವುದಕ್ಕೆ ದಾರಿಯಿರಲಿಲ್ಲ. ಕಾಯುವುದಕ್ಕೆ ಮಾತ್ರ ಬೇಕಾದಷ್ಟು ಹೊಳೆಯಿತ್ತು.

ಅಷ್ಟರಲ್ಲಿ ಹಿನ್ನೀರು ಇನ್ನಷ್ಟು ಏರಿ ಕೂಗು ಮುಟ್ಟದಂತಾಯಿತು. ಜನ ಆ ದಡದಲ್ಲಿ ಗಂಟಲು ಹರಿದುಕೊಂಡರೆ ಈ ದಡದಲ್ಲಿ ಸೊಳ್ಳೆ ಗುಂಯ್ ಎಂದಂತಾಗುತ್ತಿತ್ತು.

"ನಿಶ್ಚಿಂತಾ, ಏನರ ಮಾಡೋ ತಮ್ಮಾ" ಎಂದರು ಅಜ್ಜಾರು. "ನಾನ ಕೂಗಿ ದಾರಿ ಮಾಡಿ ಕೊಡ್ತಿದ್ದೆ. ಆದ್ರ ಅಣೆಕಟ್ಟು ಒಡದ್ರ ಸರ್ಕಾರದವ್ರು ಬೈತಾರ."

ನಿಶ್ಚಿಂತ ಒಂದು ಹಳೆಯ ಫೋನನ್ನು ಮಂಟಪದ ಕಂಬಕ್ಕೆ ಬಿಗಿದು ಬಂದ. ಮುಟ್ಟಿದರೆ ಒಂದು ಚೌಕ ತೆರೆಯುತ್ತಿತ್ತು. ಅದರಲ್ಲಿ ಒಂದೇ ಪ್ರಶ್ನೆ: ಯಾರನ್ನು ಕಾಣಬೇಕು? ಕೆಳಗೆ ಒಂದು ಬಟನ್: ಕರೆ. ಒತ್ತಿದರೆ ಈ ದಡದ ಫೋನು ಟಿಣ್ ಎಂದು ಬರೆದದ್ದನ್ನು ಓದಿ ಹೇಳುತ್ತಿತ್ತು.

ಮೊದಲ ದಿನವೇ ಟಿಣ್ ಎಂದಿತು. ಹೆಸರಿಲ್ಲ. ಹುಲಗಪ್ಪ ಹುಟ್ಟು ಹಾಕಿಕೊಂಡು ಅಷ್ಟು ದೂರ ಹೋಗಿ ನೋಡಿದರೆ ಮಂಟಪದಲ್ಲಿ ಒಂದು ಆಡು. ಫೋನು ನೆಕ್ಕುತ್ತಿತ್ತು.

"ಅದಕ್ಕ ಯಾರನ್ನ ಕಾಣಬೇಕಾಗಿತ್ತಂತ?" ಎಂದ ಮೌನಪ್ಪ. ಆ ಮಾತನ್ನೇ ಊಟದ ತನಕ ಎಳೆದ.

ನಿಶ್ಚಿಂತ ಈ ದಡದಿಂದಲೇ ತಿದ್ದಿದ. ಖಾಲಿ ಇದ್ದರೆ ಬಟನ್ ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿರುತ್ತಿತ್ತು. ಎಷ್ಟು ಒತ್ತಿದರೂ ಕರೆ ಹೋಗದು. ಒಂದು ಅಕ್ಷರ ಬಿದ್ದರೆ ಹಸಿರಾಗಿ ಜೀವ ತಳೆಯುತ್ತಿತ್ತು.

ಮರುದಿನ ಫೋನು ಟಿಣ್ ಎಂದು, ಗಂಭೀರವಾಗಿ, "ಕಕಕಳಳ" ಎಂದಿತು.

ಆಡಿಗೆ ಅಕ್ಷರಾಭ್ಯಾಸವೂ ಆಗಿತ್ತು.

ಹುಲಗಪ್ಪ ಹುಟ್ಟನ್ನು ಕೆಳಗಿಟ್ಟ. "ಅಜ್ಜಾರ, ದೇವರನ್ನ ಕರದ್ರೂ ಹೋಗ್ತೀನಿ, ದೆವ್ವ ಕರದ್ರೂ ಹೋಗ್ತೀನಿ. ಇನ್ನ ಈ ಆಡು ಕರದ್ರ ಹೋಗಂಗಿಲ್ಲ."

ನಿಶ್ಚಿಂತ ಉಗುರು ಕಚ್ಚುತ್ತ ಮತ್ತೆ ಕೂತ. ಈ ಸಲ ಆಶ್ರಮದಲ್ಲಿ ಇರುವವರ ಹೆಸರುಗಳನ್ನು ಒಂದೊಂದಾಗಿ ಫೋನಿಗೆ ಕಲಿಸಿದ. ಬರೆದದ್ದು ಅವುಗಳಲ್ಲೊಂದಾದರೆ ಮಾತ್ರ ಬಟನ್ ಹಸಿರು. ಇಲ್ಲವಾದರೆ ಬೂದು.

"ಅಜ್ಜಾರ, ಇನ್ನ ತಪ್ಪು ಕರೆ ಅನ್ನೂದು ಬರಂಗೇ ಇಲ್ಲ."

ಅಜ್ಜಾರು ಬೆಂಡೆಯ ಬೀಜ ಬಿಡಿಸುತ್ತಿದ್ದರು.

"ಶಾಬಾಶ್. ಮತ್ತ ಖರೇ ಕರೆ ಹೊರಗ ಉಳದ್ರ ನಿನಗ ಹೆಂಗ ಗೊತ್ತಾಗ್ತೈತಿ?"

"ಖರೇ ಇದ್ರ ಬಟನ್ ಹಸರಾಗಿ ಹತ್ತೇ ಹತ್ತತೈತ್ರೀ."

"ಹತ್ತದಿದ್ರ?"

"ಹತ್ತಲಿಲ್ಲಂದ್ರ ಯಾರೂ ಬಂದಿಲ್ಲಂತ ತಿಳೀಬೇಕ್ರೀ."

"ಹಾಂ" ಎಂದರು ಅಜ್ಜಾರು. ಒಂದು ಹುಳುಕು ಬೀಜ ಎತ್ತಿ ನೋಡಿ ಒಳ್ಳೆಯದರೊಳಗೇ ಹಾಕಿದರು.

ಅಲ್ಲಿಂದ ಆಡಿನ ಕಾಟ ನಿಂತಿತು.

ಸಂಜೆಯಾದರೆ ನಿಶ್ಚಿಂತ ಘಾಟಿನ ಮೆಟ್ಟಿಲ ಮೇಲೆ ಕೂರುತ್ತಿದ್ದ. ಟಿಣ್ ಎಂದಾಗೆಲ್ಲ ಅರ್ಧ ಏಳುತ್ತಿದ್ದ. "ಜಾಗೃತಪ್ಪ" ಎನ್ನುತ್ತಿತ್ತು ಫೋನು. ಮತ್ತೆ ಕೂರುತ್ತಿದ್ದ. ಮೌನಪ್ಪನಿಗಂತೂ ಇಡೀ ತಾಲೂಕೇ ಬಳಗ. ಅವನು ದೋಣಿಯಲ್ಲಿ ಹೋಗಿ ಬಂದು ಹೋಗಿ ಬಂದು ದೋಣಿಯ ಹಲಗೆಯೇ ಅವನ ಆಕಾರಕ್ಕೆ ತಗ್ಗು ಬಿದ್ದಿತ್ತು.

ಹೀಗೆ ಅರ್ಧ ಏಳುವುದು, ಮತ್ತೆ ಕೂರುವುದು, ಇದೇ ಅವನ ಸಂಧ್ಯಾವಂದನೆಯಾಯಿತು.

ಒಂದು ಸಂಜೆ ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಅಜ್ಜಾರ, ಆಸೆ ಬಿಡೂದು ಹೆಂಗ?"

"ನನ್ನ ಕೇಳ್ತೀಯಾ? ಆಸೆ ಬಿಡೂದ್ರಾಗ ಈ ಭೂಮಿ ಮ್ಯಾಲ ನನ್ನಂಥಾಂವ ಇನ್ನೊಬ್ಬ ಇಲ್ಲ. ದಿವಸಾ ಮುಂಜಾನೆ ಎದ್ದು ಬಿಡ್ತೀನಿ."

"ದಿವಸಾ?"

"ಹೂಂ. ಸಂಜಿಗೆ ತಿರಗಿ ಬರ್ತೈತಿ. ಬರ್ಲಿ ಪಾಪ, ಅದಕ್ಕೂ ಮನಿ ಬೇಕಲ್ಲ."

ನಿಶ್ಚಿಂತನಿಗೆ ನಗು ಬಂತು.

ಹಲವು ತಿಂಗಳು ಹೀಗೆ ಹೋದವು.

ಒಂದು ಮಧ್ಯಾಹ್ನ ಹುಲಗಪ್ಪ ದೋಣಿಯ ನೆರಳಲ್ಲಿ ಕೂತು ಏನೋ ತಿನ್ನುತ್ತಿದ್ದ. ಕಣ್ಣು ಮುಚ್ಚಿ, ತಲೆ ತೂಗಿ, ದೊಡ್ಡ ಗವಾಯಿಯ ಹಾಡು ಕೇಳಿದವನ ಹಾಗೆ.

"ಏನದು ಹುಲಗಣ್ಣಾ?"

"ಶೇಂಗಾ ಹೋಳಿಗಿ. ತಗೋ, ನೀನೂ ಒಂದು ತುಣುಕು ತಿನ್ನು. ಸ್ವರ್ಗಕ್ಕ ಹೋಗೂದು ತಪ್ಪತೈತಿ."

ನಿಶ್ಚಿಂತ ಬಾಯಿಗಿಟ್ಟ. ಶೇಂಗಾ, ಬೆಲ್ಲ, ಗಸಗಸೆ. ಕೊನೆಗೆ ನಾಲಿಗೆಯ ತುದಿಗೆ ಒಂದಿಷ್ಟೇ ಇಷ್ಟು ಒಣಶುಂಠಿ. ಚಿಕ್ಕಂದಿನಲ್ಲಿ ಅವನಿಗೆ ಹೊಟ್ಟೆನೋವು ಬರುತ್ತಿತ್ತೆಂದು ಒಬ್ಬಳೇ ಒಬ್ಬಳು ಹಾಕುತ್ತಿದ್ದ ಒಣಶುಂಠಿ.

"ಇದು ಎಲ್ಲಿಂದ ಬಂತು?"

"ಮಂಟಪದ ಗ್ವಾಡಿ ಗೂಡು ಐತಲ್ಲ, ಆ ಮಾಡದಾಗ ಇಟ್ಟಿರ್ತಾರ. ಆಗಾಗ ಬರ್ತೈತಿ. ಯಾರೋ ಪುಣ್ಯವಂತ್ರು ಹೊಳಿ ಗಂಗವ್ವಗ ನೈವೇದ್ಯ ಇಡ್ತಾರ. ಗಂಗವ್ವನ ಮನಿಯಾಳು ನಾನು. ಆಕಿಗೆ ಹಲ್ಲಿಲ್ಲ, ನನಗೈತಿ."

"ಆಗಾಗ ಅಂದ್ರ? ಯಾವಾಗಿಂದ?"

"ನೀ ಫೋನು ಕಟ್ಟಿದಾಗಿಂದ."

ಹೋಳಿಗೆ ಸುತ್ತಿದ್ದ ಬಟ್ಟೆ ದೋಣಿಯ ಅಂಚಿನಲ್ಲಿ ಒಣಗುತ್ತಿತ್ತು. ಹಳೆಯ ಇಳಕಲ್ ಸೀರೆಯ ತುಂಡು. ಖಾನಾವಳಿಯಲ್ಲಿ ರೊಟ್ಟಿಬುಟ್ಟಿ ಮುಚ್ಚುತ್ತಿದ್ದದ್ದು.

ಮೌನಪ್ಪ ಅಲ್ಲೇ ಬಟ್ಟೆ ಒಗೆಯುತ್ತಿದ್ದ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದೇ ಅವನ ತಪಸ್ಸಿನ ದಾಖಲೆ.

"ಓ, ಆ ಹೆಣ್ಮಗಳಾ?" ಎಂದ. "ನಮ್ಮ ಕಾಕಾನ್ನ ಕರಕೊಂಡು ಬರಾಕ ಹೋದಾಗ ಕಂಡಿದ್ಲಪಾ. ಯಾವನೋ ಪುಂಡಲೀಕ ಬೇಕಂತ. ಹಂಗನ್ನಾವ್ರು ಯಾರೂ ಇಲ್ಲವ್ವಾ ಅಂದೆ."

ನಿಶ್ಚಿಂತ ಸೀರೆಯ ತುಂಡನ್ನು ಕೈಗೆತ್ತಿಕೊಂಡ.

"ಇಲ್ಲಂದ್ಯಾ?"

"ಮತ್ತ ಇಲ್ಲಲ್ಲ! ಬೇಕಾದ್ರ ಅಜ್ಜಾರ ಹೆಸರು ಬರೀರಿ, ಬಟನ್ ಹತ್ತತೈತಿ ಅಂತನೂ ಹೇಳಿದೆ. 'ಅಜ್ಜಾರೇನು ನನ್ನ ತಮ್ಮ ಏನಪಾ?' ಅಂದ್ಲು."

"ಆಮ್ಯಾಲ?"

"ಆಮ್ಯಾಲ ನನಗ ಹೇಳಿದ್ಲಾ, ಫೋನಿಗೆ ಹೇಳಿದ್ಲಾ ಗೊತ್ತಿಲ್ಲ. 'ಅದಾನ. ಅವನ ಸಿಟ್ಟು ಇನ್ನೂ ಇಳದಿಲ್ಲ, ಅದಕ್ಕ ಬಟನ್ ಹತ್ತಸವಲ್ಲ' ಅಂದ್ಲು. ಗಂಟು ಮಾಡದಾಗಿಟ್ಟು ಹೋದ್ಲು."

ನಿಶ್ಚಿಂತ ಅಜ್ಜಾರ ಬಳಿಗೆ ಓಡಿದ.

"ಅಜ್ಜಾರ, ನಮ್ಮ ಅಕ್ಕ ಬಂದಿದ್ಲು."

"ಹೌದಾ? ಬಂದಿದ್ರ ಬಟನ್ ಹತ್ತಬೇಕಾಗಿತ್ತಲ್ಲ."

"ಹತ್ತಿಲ್ರೀ."

"ಹತ್ತಲಿಲ್ಲಂದ್ರ ಯಾರೂ ಬಂದಿಲ್ಲ. ನೀನ ಹೇಳಿದ ಮಾತು."

ನಿಶ್ಚಿಂತ ಬೆರಳನ್ನು ಬಾಯಿಗಿಟ್ಟ. ಕಚ್ಚಲು ಉಗುರೂ ಉಳಿದಿರಲಿಲ್ಲ.

"ಆ ದಂಡಿಗೆ ಹೋಗು" ಎಂದರು ಅಜ್ಜಾರು. "ನಿಮ್ಮಕ್ಕ ನಿಂತ ಜಾಗದಾಗ ನಿಂದರು. ಆಕಿ ತಮ್ಮನ್ನ ಕರಿ."

"ನಾನ ಅಲ್ಲಿದ್ರ ಇಲ್ಲಿಂದ ಯಾರು ಬರ್ತಾರ್ರೀ?"

"ಅದನ್ನ ನೋಡಲೀ ಅಂತನ ಕಳಸಾಕತ್ತೀನಿ."

ಹುಲಗಪ್ಪ ಅವನನ್ನು ಮಂಟಪದ ಬಳಿ ಇಳಿಸಿ, ಅಜ್ಜಾರ ಅಪ್ಪಣೆಯೆಂದು ಹೇಳಿ, ದೋಣಿ ತಿರುಗಿಸಿಕೊಂಡು ಹೋದ.

ನಿಶ್ಚಿಂತ ಫೋನಿನ ಮುಂದೆ ನಿಂತ. ತಾನೇ ಕಟ್ಟಿದ್ದು. ಕಟ್ಟಿದ ಮೇಲೆ ಈ ಕಡೆಯಿಂದ ಒಮ್ಮೆಯೂ ನೋಡಿರಲಿಲ್ಲ.

ಮುಟ್ಟಿದ. ಚೌಕ ತೆರೆಯಿತು. ಯಾರನ್ನು ಕಾಣಬೇಕು?

ನಿಶ್ಚಿಂತ ಎಂದು ಬರೆದ. ಬಟನ್ ಹಸಿರಾಯಿತು. ಆ ಹೆಸರನ್ನು ಅಕ್ಕ ಕೇಳಿಯೇ ಇರಲಿಲ್ಲ.

ಅಳಿಸಿದ. ಪುಂಡಲೀಕ ಎಂದು ಬರೆದ. ಅದನ್ನು ಬರೆದು ಎಷ್ಟು ಕಾಲವಾಗಿತ್ತೋ.

ಬೂದು.

ಪುಂಡ್ಯಾ ಎಂದು ಬರೆದ. ಆಕೆ ಬೀದಿಯ ತುದಿಯಿಂದ ಊಟಕ್ಕೆ ಕರೆಯುತ್ತಿದ್ದ ಹೆಸರು.

ಬೂದು.

ಒತ್ತಿದ. ಇನ್ನೊಮ್ಮೆ ಒತ್ತಿದ. ಬೂದು ಬಟನ್ನಿನ ಸ್ವಭಾವ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಹೆಬ್ಬೆರಳು ಬಿಳುಚಿಕೊಳ್ಳುವ ತನಕ ಒತ್ತಿದ.

ಆಗ ಕಂಡಿತು. ಬಿಸಿಲು ಓರೆಯಾಗಿ ಬಿದ್ದಾಗ ಗಾಜಿನ ಮೇಲೆ, ಬಟನ್ ಇದ್ದಲ್ಲೇ, ಹಳದಿ ಕಲೆ. ಮದುವೆ ಅಡುಗೆ ಮಾಡಿದ ಕೈಯ ಅರಿಶಿಣ. ಒಂದು ಬೆರಳಿನ ಗುರುತಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹತ್ತದ ಬಟನ್ನನ್ನು ಅಷ್ಟು ಸಲ ಒತ್ತಿದ್ದಳು.

ಅವನು ಹೊಳೆಯ ಕಡೆ ತಿರುಗಿ ಕೂಗಿದ. "ಪುಂಡಲೀಕಾ!"

ಆಶ್ರಮ ಚುಕ್ಕಿಯಷ್ಟು ಕಾಣುತ್ತಿತ್ತು. ಯಾರೂ ಹೊರಗೆ ಬಂದಂತೆ ಕಾಣಲಿಲ್ಲ. ಕೂಗು ನೀರಿನ ಮೇಲೆ ಸ್ವಲ್ಪ ದೂರ ನಡೆದು, ಸುಸ್ತಾಗಿ, ಕೂತುಬಿಟ್ಟಿತು.

ಹೊತ್ತು ಮುಳುಗುವಾಗ ದೋಣಿ ಬಂತು. ಹುಟ್ಟು ಹಾಕುತ್ತಿದ್ದವರು ಅಜ್ಜಾರು. ಒಬ್ಬರೇ. ದೋಣಿ ಏಡಿಯ ಹಾಗೆ ಅಡ್ಡಡ್ಡ ಬರುತ್ತಿತ್ತು.

"ನೋಡಿದ್ಯಾ, ಬಾಣ ಬಂದಂಗ ಬಂದೆ" ಎಂದರು ಏದುಸಿರು ಬಿಡುತ್ತ. "ಹುಲಗ್ಯಾ ನಾಚಿ ಮನಿ ಸೇರ್ಯಾನ."

"ಯಾರು ಕರದ್ರಂತ ಬಂದ್ರಿ, ಅಜ್ಜಾರ?"

"ಯಾರೂ ಕರೀಲಿಲ್ಲ. ಅದಕ್ಕ ಬಂದೆ."

ನಿಶ್ಚಿಂತ ಅಳತೊಡಗಿದ. ಅಜ್ಜಾರು ದೋಣಿಯ ಹಗ್ಗ ಕಟ್ಟಿ ಬಂದು ಪಕ್ಕದಲ್ಲಿ ನಿಂತರು. ಜಂಬದ ಒಂದು ಮಾತೂ ಆಡಲಿಲ್ಲ.

"ನನ್ನ ಹೆಸರು ನೀವು ಯಾಕ ತಗೊಂಡ್ರಿ?" ಎಂದ ಕೊನೆಗೆ.

"ತಗೊಂಡ್ನಾ? ನಾ ಒಂದು ಕೊಟ್ಟೆ. ಹಳೇದು ತಿರಗಿ ಕೊಡು ಅಂದಿದ್ನಾ?"

"ಇಲ್ರೀ."

"ಮತ್ತ ಅದನ್ನ ಹೊರಗ ನಿಲ್ಲಿಸಿದಾಂವ ಯಾಂವ?"

ನಿಶ್ಚಿಂತ ಫೋನಿನ ಕಡೆ ನೋಡಿದ.

"ಪುಂಡಲೀಕ ಅಂತ ಕಲಸ್ತೀನ್ರೀ. ಪುಂಡ್ಯಾ ಅಂತನೂ ಕಲಸ್ತೀನಿ."

"ಕಲಸು. ಆಕಿ ಸಿಟ್ಟಿಗೆದ್ದು ಕತ್ತಿ ಅಂತ ಬರದ್ರ?"

ಕತ್ತೆ ಎಂದೂ ಅಕ್ಕ ಕರೆಯುತ್ತಿದ್ದಳು. ಪ್ರೀತಿ ಉಕ್ಕಿದ ದಿನ ಅದನ್ನೇ ಕರೆಯುತ್ತಿದ್ದಳು.

ನಿಶ್ಚಿಂತ ಅಲ್ಲೇ ಕೂತು, ಕಲಿಸಿದ ಹೆಸರುಗಳನ್ನೆಲ್ಲ ಮರೆಯಿಸಿದ. ಒಂದೇ ಒಂದು ಅಕ್ಷರ ಬಿದ್ದರೂ ಬಟನ್ ಹಸಿರಾಗುವಂತೆ ಮಾಡಿದ. ಹಳದಿ ಕಲೆಯನ್ನು ಮಾತ್ರ ಒರೆಸಲಿಲ್ಲ.

"ಆಡು ಬಂದ್ರ?" ಎಂದರು ಅಜ್ಜಾರು.

"ಹೆಸರು ತಿಳೀದ ಕರೆ ಎಲ್ಲಾ ನನ್ನವು. ನಾನ ಹೋಗ್ತೀನಿ."

ಮರುದಿನ ಸೀರೆಯ ತುಂಡನ್ನು ಒಗೆದು ಮಾಡದಲ್ಲಿಡಲು ಹೋದ. ಬುತ್ತಿಯ ಬಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಆಶ್ರಮದ ಪೇರಲಹಣ್ಣು ಕಟ್ಟಿಟ್ಟು ಬಂದ.

ಹಣ್ಣನ್ನು ಆಡು ತಿಂದಿತು. ತಿಂದ ಖುಷಿಗೆ "ಮಮಳ" ಎಂದು ಕರೆಯಿತು. ನಿಶ್ಚಿಂತ ಹೋದ. ಬಟ್ಟೆಯನ್ನು ಮತ್ತೆ ಒಗೆದು ಬೇರೆ ಹಣ್ಣು ಕಟ್ಟಿಟ್ಟ.

ಆಡು "ಗ" ಎಂದಿತು. ಹೋದ.

ದಾರಿಹೋಕ ಹುಡುಗರು ಸಿನಿಮಾ ನಟನ ಹೆಸರು ಬರೆದು ಓಡಿದರು. ಹೋದ.

ಹುಲಗಪ್ಪ ಮಾತಿಗೆ ತಪ್ಪಲಿಲ್ಲ. ಆಡಿನ ಕರೆಗೆ ಹುಟ್ಟು ಮುಟ್ಟಲಿಲ್ಲ. ನಿಶ್ಚಿಂತನೇ ಹುಟ್ಟು ಹಾಕುವುದನ್ನು ಕಲಿತ. ಹಿಡಿದು ಹಿಡಿದು ಅಂಗೈ ಎಷ್ಟು ಗಟ್ಟಿಯಾಯಿತೆಂದರೆ ಅದರ ಮೇಲೆ ತೆಂಗಿನಕಾಯಿ ಒಡೆಯಬಹುದಿತ್ತು. ಉಗುರು ಮಾತ್ರ ಬೆಳೆಯತೊಡಗಿದವು. ಕಚ್ಚಲು ಕೈಗೆ ಬಿಡುವಿರಲಿಲ್ಲ.

ಮದುವೆಯ ಕಾಲ ಮುಗಿಯಿತು. ಅಡುಗೆಯವರ ತಂಡಗಳೆಲ್ಲ ಊರಿಗೆ ತಿರುಗುವ ಹೊತ್ತು. ಖಾನಾವಳಿಯ ಬೀಗ ಹಾಗೇ ಇದೆಯೆಂದು ಪೇಟೆಯಿಂದ ಬಂದವರು ಹೇಳಿದರು. ಮಾಡದಲ್ಲಿ ಸೀರೆಯ ತುಂಡು ಇಟ್ಟಲ್ಲೇ ಇತ್ತು.

ಒಂದು ಸಂಜೆ ಮೋಡ ಕಟ್ಟಿತ್ತು. ಗಾಳಿ ಎದ್ದು ಹೊಳೆಯ ಮೈಯೆಲ್ಲ ನೆರಿಗೆಯಾಗಿತ್ತು. ಅಂದು ಆಡಿನ ಕರೆಗೆ ಎರಡು ಸಲ ಹೋಗಿಬಂದಿದ್ದ ನಿಶ್ಚಿಂತ ಮೆಟ್ಟಿಲ ಮೇಲೆ ಒರಗಿದ್ದ. ಅಜ್ಜಾರು ಪಕ್ಕದಲ್ಲಿ ಕೂತು, ತಾವು ಒಮ್ಮೆ ಸೀನಿದಾಗ ಮುಂಗಾರು ಹೇಗೆ ಹಿಂದಕ್ಕೆ ಹೋಯಿತೆಂದು ಹೇಳುತ್ತಿದ್ದರು.

ಫೋನು ಟಿಣ್ ಎಂದಿತು.

"ಪ" ಎಂದಿತು.

ಅಷ್ಟೆ. ಒಂದೇ ಅಕ್ಷರ.

"ಬಂತು ನೋಡ್ರಿ ನಿಶ್ಚಿಂತನ ಬೀಗರು" ಎಂದ ಮೌನಪ್ಪ. "ಬ್ಯಾ ಅನ್ನಾಕ ಹೋಗಿ ಪ ಅಂದಾರ. ಕುಂದ್ರೋ ಮಾರಾಯಾ, ಗಾಳಿ ನೋಡು. ಆಡಿನ ಸಲುವಾಗಿ ಮುಳಗ್ತಿ ಏನು?"

ನಿಶ್ಚಿಂತ ಅರ್ಧ ಎದ್ದಿದ್ದ. ಅರ್ಧದಲ್ಲೇ ನಿಂತ. ಆ ದಡ ಮಬ್ಬಿನಲ್ಲಿ ಕಾಣುತ್ತಲೇ ಇರಲಿಲ್ಲ.

"ಅಜ್ಜಾರ, ಆಡ ಇರಬಹುದ್ರೀ."

ಅಜ್ಜಾರು ತಾವು ಕೂತ ಮೆಟ್ಟಿಲ ಬದಿಯಿಂದ ಹುಟ್ಟನ್ನು ಎತ್ತಿ ಅವನ ಕೈಗಿಟ್ಟರು.

"ಆಡಾದ್ರೂ ಕಾಯಾಕತ್ತಿರ್ತೈತಿ. ಹೋಗು, ಪುಂಡಲೀಕಾ."